ಮೆದುಳಿಗೆ ಪೆಟ್ಟಾದ ಮೇಲೆ ಏರೋಬಿಕ್ ವ್ಯಾಯಾಮ: ಯಾವಾಗ ಶುರು, ಎಷ್ಟು, ಎಲ್ಲಿ ನಿಲ್ಲಿಸಬೇಕು

ತಲೆಗೆ ಪೆಟ್ಟು ಬಿದ್ದವರಿಗೆ ಬಹಳ ವರ್ಷ ಒಂದೇ ಸಲಹೆ ಸಿಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಮಲಗಿ, ತಲೆನೋವು ಪೂರ್ತಿ ಹೋಗುವವರೆಗೂ ಏಳಬೇಡಿ. ಈಗಲೂ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಿದೆ. ಕಾಳಜಿಯಿಂದಲೇ ಮಾಡುತ್ತಾರೆ, ನಿಜ. ಆದರೆ ವಾರಗಟ್ಟಲೆ ಮಲಗಿಸಿದರೆ ಕಾಲಿನ ಬಲ ಹೋಗುತ್ತದೆ, ದಮ್ಮು (ಸುಸ್ತಾಗದೆ ಓಡಾಡುವ ತಾಕತ್ತು) ಹೋಗುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಆಮೇಲೆ ಯಾವುದು ಪೆಟ್ಟಿನ ಸುಸ್ತು, ಯಾವುದು ಮಲಗಿದ್ದರ ಸುಸ್ತು ಎಂದು ಹೇಳುವುದೇ ಕಷ್ಟ.

ವೈದ್ಯರ ಯೋಚನೆ ಈಗ ಬದಲಾಗಿದೆ. ಕ್ರೀಡೆಯಲ್ಲಿ ಆಗುವ ಕಂಕಶನ್ (ಏಟಿನಿಂದ ಮೆದುಳು ಅಲುಗಾಡಿ ಆಗುವ ಸೌಮ್ಯ ಪೆಟ್ಟು) ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ತಜ್ಞರು ಪೂರ್ತಿ ವಿಶ್ರಾಂತಿ ಬೇಡ ಎಂದೇ ಬರೆದರು. ಮೊದಲ 24ರಿಂದ 48 ಗಂಟೆ ಸಾಧಾರಣ ವಿಶ್ರಾಂತಿ, ಆಮೇಲೆ ನಡಿಗೆಯಂಥ ಹಗುರ ಏರೋಬಿಕ್ ವ್ಯಾಯಾಮ, ಅಂದರೆ ಎದೆಬಡಿತ, ಉಸಿರಾಟ ಏರಿಸುವ ವ್ಯಾಯಾಮ. ಇದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಒಂದು 2019ರದು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಡಾ. ಜಾನ್ ಲೆಡ್ಡಿ ಮತ್ತು ಸಂಗಡಿಗರು ಕಂಕಶನ್ ಆದ 103 ಹದಿಹರೆಯದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಳತೆಯಿಟ್ಟ ಏರೋಬಿಕ್ ವ್ಯಾಯಾಮ, ಇನ್ನೊಂದಕ್ಕೆ ಬರೀ ಸ್ಟ್ರೆಚಿಂಗ್. ಸ್ಟ್ರೆಚಿಂಗ್ ಗುಂಪು ಚೇತರಿಸಿಕೊಳ್ಳಲು ಹೆಚ್ಚುಕಡಿಮೆ 17 ದಿನ ತೆಗೆದುಕೊಂಡಿತು, ವ್ಯಾಯಾಮದ ಗುಂಪು 13 ದಿನ.

ಇಲ್ಲಿ 'ಅಳತೆಯಿಟ್ಟ' ಎಂಬುದೇ ಮುಖ್ಯ. ಪ್ರತಿಯೊಬ್ಬರಿಗೂ ಒಂದು ಗೆರೆ ಇರುತ್ತದೆ. ಎದೆಬಡಿತ ಅದನ್ನು ದಾಟಿದರೆ ತಲೆನೋವು, ತಲೆಸುತ್ತು, ಮಂಕು ಜಾಸ್ತಿಯಾಗುತ್ತದೆ. ಆ ಗೆರೆ ಎಲ್ಲಿದೆ ಎಂದು ಕಂಡುಕೊಳ್ಳಬೇಕು, ಅದರ ಸ್ವಲ್ಪ ಕೆಳಗೆ ನಿತ್ಯ ವ್ಯಾಯಾಮ ಮಾಡಬೇಕು. ಹಾಗೆ ಮಾಡುತ್ತಾ ಹೋದರೆ ಗೆರೆ ತಾನೇ ಮೇಲೆ ಸರಿಯುತ್ತದೆ. ಈ ಮಾರ್ಗದರ್ಶಿ ಪೂರ್ತಿ ಇದರ ಬಗ್ಗೆಯೇ.

ಒಳಗೆ ಏನಾಗುತ್ತದೆ

ವ್ಯಾಯಾಮ ಮಾಡುವಾಗ ಬಿಪಿ ಏರುತ್ತದೆ, ರಕ್ತ ಜೋರಾಗಿ ಹರಿಯುತ್ತದೆ. ಆರೋಗ್ಯವಾಗಿರುವ ಮೆದುಳು ತನ್ನ ರಕ್ತನಾಳಗಳನ್ನು ಬೇಕಾದಷ್ಟು ಬಿಗಿ ಮಾಡಿ, ಸಡಿಲ ಮಾಡಿ, ಒಳಗೆ ಬರುವ ರಕ್ತವನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ. ಪೆಟ್ಟಾದ ಮೇಲೆ ಈ ಹಿಡಿತ ತಪ್ಪುತ್ತದೆ. ಎದೆಬಡಿತ, ಬಿಪಿ, ಉಸಿರಾಟ ನೋಡಿಕೊಳ್ಳುವ ನರಮಂಡಲವೂ ಸರಿಯಾಗಿ ಸ್ಪಂದಿಸುವುದಿಲ್ಲ. ಮೆಟ್ಟಿಲು ಹತ್ತಿದರೆ ತಲೆ ಧಿಮ್ ಎನ್ನುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಹೆಚ್ಚಾಗಿ ಇದರಿಂದಲೇ. ಅಳತೆಯಲ್ಲಿ ಮಾಡಿದ ವ್ಯಾಯಾಮ ಈ ಹಿಡಿತವನ್ನು ಮತ್ತೆ ಕಲಿಸುತ್ತದೆ.

ಇನ್ನೊಂದು ಲಾಭವೂ ಇದೆ. ನರಕೋಶಗಳು ಬದುಕಲು, ಹೊಸ ಜೋಡಣೆ ಮಾಡಿಕೊಳ್ಳಲು ಬೇಕಾದ ಬಿಡಿಎನ್ಎಫ್ ಎಂಬ ಪ್ರೋಟೀನ್ ಏರೋಬಿಕ್ ವ್ಯಾಯಾಮದಿಂದ ಹೆಚ್ಚುತ್ತದೆ. ಆದರೆ ಇಲಿಗಳ ಮೇಲೆ 2004ರಲ್ಲಿ ನಡೆದ ಪ್ರಯೋಗ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಪೆಟ್ಟಾದ ತಕ್ಷಣ ಓಡಿದ ಇಲಿಗಳಲ್ಲಿ ಈ ಪ್ರೋಟೀನ್ ಏರಲಿಲ್ಲ. ಎರಡು ವಾರ ಬಿಟ್ಟು ಓಡಿದವುಗಳಲ್ಲಿ ಏರಿತು. ಇಲಿಯ ದಿನಗಳನ್ನು ಮನುಷ್ಯರಿಗೆ ನೇರವಾಗಿ ಲೆಕ್ಕ ಹಾಕಲು ಬರುವುದಿಲ್ಲ, ಆದರೂ ಆತುರ ಒಳ್ಳೆಯದಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಂದು ಮಾತು ಮೊದಲೇ ಹೇಳುತ್ತೇನೆ. ವ್ಯಾಯಾಮದಿಂದ ದಮ್ಮು ಹೆಚ್ಚುತ್ತದೆ, ಎಷ್ಟೋ ಜನರಿಗೆ ನಿದ್ದೆ, ಮನಸ್ಸು ಸುಧಾರಿಸುತ್ತದೆ. ಹೋದ ನೆನಪಿನ ಶಕ್ತಿ ಪೂರ್ತಿ ವಾಪಸ್ ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಮಾತಿನ ಚಿಕಿತ್ಸೆ, ಫಿಸಿಯೋಥೆರಪಿ, ಔಷಧಿಗಳ ಜೊತೆಗೆ ಇದೂ ಒಂದು.

ಹಂತ 1: ವೈದ್ಯರ ಒಪ್ಪಿಗೆ ಪಡೆಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸುಮ್ನೆ "ವ್ಯಾಯಾಮ ಮಾಡಬಹುದಾ" ಎಂದು ಕೇಳಿದರೆ "ಮಾಡಿ, ನಿಧಾನಕ್ಕೆ ಮಾಡಿ" ಎಂಬ ಉತ್ತರ ಸಿಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹೀಗೆ ಬಿಡಿಸಿ ಕೇಳಿ:

- ಪೆಟ್ಟು ಯಾವ ಮಟ್ಟದ್ದು? ಆಸ್ಪತ್ರೆಯ ಚೀಟಿಯಲ್ಲಿ ಜಿಸಿಎಸ್ ಎಂಬ, ಪ್ರಜ್ಞೆಯ ಮಟ್ಟ ಹೇಳುವ ಅಂಕ ಇರುತ್ತದೆ. 13ರಿಂದ 15 ಇದ್ದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ.
- ತಲೆಯೊಳಗೆ ರಕ್ತಸ್ರಾವ ಆಗಿತ್ತಾ? ಈಗ ಪೂರ್ತಿ ನಿಂತಿದೆಯಾ?
- ಎದೆಬಡಿತ ಎಷ್ಟರವರೆಗೆ ಹೋಗಬಹುದು? ಬಿಪಿ ಎಷ್ಟು ದಾಟಬಾರದು?
- ಈಗ ನುಂಗುತ್ತಿರುವ ಮಾತ್ರೆಗಳಲ್ಲಿ ಎದೆಬಡಿತ ತಗ್ಗಿಸುವುದು, ರಕ್ತ ತೆಳು ಮಾಡುವುದು ಯಾವುದಾದರೂ ಇದೆಯಾ?
- ಫಿಟ್ಸ್ ಬರುವ ಸಾಧ್ಯತೆ ಎಷ್ಟು?
- ಕುತ್ತಿಗೆ, ಪಕ್ಕೆಲುಬು, ಕಾಲಿನ ಮುರಿತ ಕೂಡಿದೆಯಾ? ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದಾ?

ತಲೆಬುರುಡೆಯ ಮೂಳೆ ತೆಗೆದಿದ್ದು ಇನ್ನೂ ವಾಪಸ್ ಕೂರಿಸಿಲ್ಲ ಎಂದಾದರೆ ನಿಯಮ ಬೇರೆ. ಆ ಜಾಗದಲ್ಲಿ ಮೆದುಳಿಗೆ ಚರ್ಮದ ರಕ್ಷಣೆ ಮಾತ್ರ ಇರುತ್ತದೆ. ಎದ್ದು ಓಡಾಡುವಾಗ ಆಸ್ಪತ್ರೆಯವರು ಹೇಳಿದ ಹೆಲ್ಮೆಟ್ ತಲೆಯ ಮೇಲೆ ಇರಲೇಬೇಕು. ತಲೆ ಕೆಳಗೆ ಬಗ್ಗಿಸುವ ಭಂಗಿ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ಶಂಟ್ (ಮೆದುಳಿನಲ್ಲಿ ಹೆಚ್ಚಾದ ದ್ರವವನ್ನು ಹೊರಗೆ ಹರಿಸುವ ಕೊಳವೆ) ಹಾಕಿಸಿಕೊಂಡವರೂ ಯಾವ ವ್ಯಾಯಾಮ ಸರಿ ಎಂದು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿ.

ಹಂತ 2: ಶುರು ಮಾಡುವ ಸಮಯ

ಸೌಮ್ಯ ಪೆಟ್ಟಾದರೆ ಮೊದಲ ಎರಡು ದಿನ ಮನೆಯೊಳಗೆ ಓಡಾಡಿಕೊಂಡಿರಿ. ಮೊಬೈಲ್, ಟಿವಿ ಕಡಿಮೆ ಮಾಡಿ. ಮೂರನೇ ದಿನದ ಹೊತ್ತಿಗೆ 10–15 ನಿಮಿಷದ ಸಮತಟ್ಟು ನಡಿಗೆ ಹೆಚ್ಚಿನವರಿಗೆ ಆಗುತ್ತದೆ. ತಲೆನೋವು ಪೂರ್ತಿ ಹೋಗಲಿ ಎಂದು ಕಾಯಬೇಕಿಲ್ಲ.

ಮಧ್ಯಮ ಅಥವಾ ತೀವ್ರ ಪೆಟ್ಟಿಗೆ ಇಂಥ ದಿನ ಎಂದು ಹೇಳಲು ಬರುವುದಿಲ್ಲ. ತಲೆಯೊಳಗಿನ ಒತ್ತಡ ಮತ್ತು ಬಿಪಿ ಸ್ಥಿರವಾಗಿರಬೇಕು, ಹೇಳಿದ ಸರಳ ಮಾತು ಅರ್ಥವಾಗಬೇಕು, ಆಸರೆ ಇದ್ದಾದರೂ ಕೂರಲು ಆಗಬೇಕು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದೇ ಕೆಲವರಿಗೆ ಮೊದಲ ವ್ಯಾಯಾಮ. ವಾರಗಟ್ಟಲೆ ಮಲಗಿದ್ದವರ ನಾಡಿ ಅಷ್ಟಕ್ಕೇ ಏರುವುದನ್ನು ನೀವೇ ಕಾಣಬಹುದು.

ಹಂತ 3: ನಿಮ್ಮ ಗೆರೆ ಕಂಡುಕೊಳ್ಳಿ

ಸರಿಯಾದ ದಾರಿ ಎಂದರೆ ಬಫಲೋ ಟ್ರೆಡ್‌ಮಿಲ್ ಪರೀಕ್ಷೆ. ಇದನ್ನು ಕಲಿತ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಮಾಡಿಸುತ್ತಾರೆ. ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲಿ ಸಮತಟ್ಟಾಗಿ ನಡಿಗೆ ಶುರುವಾಗುತ್ತದೆ. ಪ್ರತಿ ನಿಮಿಷ ಪಟ್ಟಿಯ ಏರು ಶೇ. 1ರಷ್ಟು ಹೆಚ್ಚಿಸುತ್ತಾರೆ. ನಿಮಿಷಕ್ಕೊಮ್ಮೆ ಎದೆಬಡಿತ ಬರೆದುಕೊಳ್ಳುತ್ತಾರೆ, ತೊಂದರೆ 10ಕ್ಕೆ ಎಷ್ಟು ಎಂದು ಕೇಳುತ್ತಾರೆ. ಶುರುವಿಗಿಂತ 3 ಅಂಕ ಏರಿದರೆ ಅಥವಾ ಪೂರ್ತಿ ಸುಸ್ತಾದರೆ ನಿಲ್ಲಿಸುತ್ತಾರೆ. ಲಕ್ಷಣ ಏರಿ ನಿಲ್ಲಿಸಿದಾಗ ಎದೆಬಡಿತ ಎಷ್ಟಿತ್ತೋ ಅದೇ ನಿಮ್ಮ ಗೆರೆ. ವ್ಯಾಯಾಮ ಅದರ ಶೇ. 80ರಿಂದ 90ರಲ್ಲಿ ನಡೆಯಬೇಕು.

ಒಂದು ಲೆಕ್ಕ ನೋಡಿ. ಒಬ್ಬರಿಗೆ ಶುರುವಿನಲ್ಲಿ ತಲೆನೋವು 2 ಇತ್ತು ಎನ್ನೋಣ. 12ನೇ ನಿಮಿಷಕ್ಕೆ ಅದು 5 ಆಯಿತು, ಆಗ ಎದೆಬಡಿತ 140. ಅದರ ಶೇ. 80 ಎಂದರೆ 112, ಶೇ. 90 ಎಂದರೆ 126. ಅವರು ದಿನಕ್ಕೆ 20 ನಿಮಿಷ, ವಾರಕ್ಕೆ 5–6 ದಿನ, ಎದೆಬಡಿತ 112ರಿಂದ 126ರ ಒಳಗೆ ಇರುವಂತೆ ವ್ಯಾಯಾಮ ಮಾಡಬೇಕು. 112ರಿಂದಲೇ ಶುರು ಮಾಡುವುದು ಜಾಣತನ.

ಈ ಪರೀಕ್ಷೆಗೆ ಅನುಕೂಲ ಇಲ್ಲದಿದ್ದರೆ ವಯಸ್ಸಿನ ಲೆಕ್ಕ ಹಿಡಿಯಬಹುದು. 220ರಲ್ಲಿ ವಯಸ್ಸು ಕಳೆಯಿರಿ. 40 ವರ್ಷದವರಿಗೆ 180 ಬರುತ್ತದೆ. ಆಮ್‌ಸ್ಟರ್‌ಡ್ಯಾಮ್ ಸೂಚನೆಯಲ್ಲಿ ಹಗುರ ಹಂತ ಎಂದರೆ ಇದರ ಶೇ. 55ರವರೆಗೆ, ಅಂದರೆ 99. ಮುಂದಿನ ಹಂತ ಶೇ. 70ರವರೆಗೆ, ಅಂದರೆ 126. ಇದು ಅಂದಾಜು ಅಷ್ಟೇ. ಟ್ರೆಡ್‌ಮಿಲ್ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಿಕೊಳ್ಳಲು ಹೋಗಬೇಡಿ.

ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ವಯಸ್ಸಿನ ಲೆಕ್ಕ ನಡೆಯುವುದಿಲ್ಲ. ಎದೆಬಡಿತ ಏರದಂತೆ ಮಾತ್ರೆ ತಡೆದಿರುತ್ತದೆ. ಅಂಥವರು ಮಾತಿನ ಪರೀಕ್ಷೆ ಮಾಡಿಕೊಳ್ಳಲಿ: ನಡೆಯುತ್ತಾ ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ಜಾಸ್ತಿಯಾಯಿತು.

ಎದೆಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಿಖರ. ಎದೆಬಡಿತ ತೋರಿಸುವ ಕೈಗಡಿಯಾರವೂ ಸಾಕಾಗುತ್ತದೆ, ಆದರೆ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ತಪ್ಪು ತೋರಿಸಬಹುದು. ಅನುಮಾನ ಬಂದರೆ ನಿಂತು ಬೆರಳಿನಿಂದ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, 4ರಿಂದ ಗುಣಿಸಿ.

ಹಂತ 4: ಯಾವ ವ್ಯಾಯಾಮ

ನನ್ನ ಮಟ್ಟಿಗೆ ಮೊದಲ ಆಯ್ಕೆ ಕೂತು ತುಳಿಯುವ, ಮುಂದೆ ಚಲಿಸದ ವ್ಯಾಯಾಮದ ಸೈಕಲ್. ತಲೆ ಅಲುಗಾಡುವುದಿಲ್ಲ, ಅಕ್ಕಪಕ್ಕದ ನೋಟ ಓಡುವುದಿಲ್ಲ, ಬೀಳುವ ಭಯ ಕಡಿಮೆ. ತಲೆಸುತ್ತು ಇರುವವರಿಗೆ ನಡಿಗೆಗಿಂತ ಇದು ಹಿತ. ಸಮತೋಲ ತೀರಾ ಕಡಿಮೆ ಇದ್ದರೆ ಬೆನ್ನಿಗೆ ಆಸರೆ ಇರುವ, ಒರಗಿ ಕೂತು ತುಳಿಯುವ ಸೈಕಲ್ ನೋಡಿ.

ನಡಿಗೆಗೆ ಖರ್ಚಿಲ್ಲ, ಎಲ್ಲಿ ಬೇಕಾದರೂ ಆಗುತ್ತದೆ. ಶಬ್ದ, ಬೆಳಕು, ಜನಜಂಗುಳಿ ಕಡಿಮೆ ಇರುವ ಸಮತಟ್ಟು ದಾರಿ ಆರಿಸಿ. ಪಾದ ಎತ್ತಲಾಗದೆ ಎಳೆಯುತ್ತಿದ್ದರೆ ಮೊದಲು ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಹಾಕಿಸಿಕೊಳ್ಳಿ, ಆಮೇಲೆ ನಡೆಯಿರಿ. ನಿಲ್ಲಲು ಆಗುತ್ತದೆ ಆದರೆ ನಡೆಯಲು ಆಗುವುದಿಲ್ಲ ಎನ್ನುವವರು ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನೇ ಮತ್ತೆ ಮತ್ತೆ ಮಾಡಬಹುದು. ಕೆಲವೇ ನಿಮಿಷದಲ್ಲಿ ನಾಡಿ ಏರುತ್ತದೆ. ಕಾಲಿಗೆ ಆಗದಿದ್ದರೆ ಕೈಯಿಂದ ತಿರುಗಿಸುವ ಪೆಡಲ್ ಇದೆ.

ಈಜು, ರಸ್ತೆಯ ಮೇಲೆ ಸೈಕಲ್, ಎತ್ತರ ಹತ್ತುವುದು, ಇವು ಸದ್ಯಕ್ಕೆ ಬೇಡ. ನೀರಿನಲ್ಲಿ ಫಿಟ್ಸ್ ಬಂದರೆ ಜೀವಕ್ಕೇ ಅಪಾಯ. ತಲೆಗೆ ಎರಡನೇ ಪೆಟ್ಟು ಬೀಳುವ ಸಾಧ್ಯತೆ ಇರುವ ಯಾವ ಆಟವೂ ಬೇಡ.

ಹಂತ 5: ಒಂದು ದಿನದ ವ್ಯಾಯಾಮ

ದಿನದಲ್ಲಿ ತಲೆ ಚುರುಕಾಗಿರುವ ಹೊತ್ತು ಆರಿಸಿ. ಹೆಚ್ಚಿನವರಿಗೆ ಅದು ಬೆಳಗ್ಗೆ. ಊಟವಾದ ಕೂಡಲೇ ಬೇಡ, ಹಸಿದ ಹೊಟ್ಟೆಯಲ್ಲೂ ಬೇಡ. ಕೋಣೆ ತಂಪಾಗಿರಲಿ, ನೀರು ಪಕ್ಕದಲ್ಲಿರಲಿ. ನುಂಗಲು ಕಷ್ಟ ಇರುವವರಿಗೆ ನೀರು ಹೇಗೆ ಕೊಡಬೇಕು ಎಂದು ಮಾತಿನ ಚಿಕಿತ್ಸಕರು ಹೇಳಿದ ಹಾಗೆಯೇ ಕೊಡಿ.

ಶುರು ಮಾಡುವ ಮೊದಲು ಐದು ನಿಮಿಷ ಸುಮ್ಮನೆ ಕೂತು ನಾಡಿ ನೋಡಿ. ತಲೆನೋವು, ತಲೆಸುತ್ತು, ಸುಸ್ತು ಒಂದೊಂದಕ್ಕೂ 0ರಿಂದ 10ರ ಅಂಕ ಕೊಟ್ಟು ಬರೆಯಿರಿ. ಆಗಲೇ 7 ದಾಟಿದ್ದರೆ ಆವತ್ತು ವ್ಯಾಯಾಮ ಬಿಡಿ. ಮನೆಯೊಳಗೆ ಓಡಾಡಿದರೆ ಸಾಕು.

ಮೊದಲ ಐದು ನಿಮಿಷ ನಿಧಾನ. ಆಮೇಲೆ ಎದೆಬಡಿತ ನಿಮ್ಮ ಕೆಳಗಿನ ಅಂಕಿ ಮುಟ್ಟುವವರೆಗೆ ವೇಗ ಹೆಚ್ಚಿಸಿ, ಅಲ್ಲೇ ಇಟ್ಟುಕೊಳ್ಳಿ. ಐದು ನಿಮಿಷಕ್ಕೊಮ್ಮೆ ಅಂಕ ಕೇಳಿಕೊಳ್ಳಿ. ಕೊನೆಗೆ ಐದು ನಿಮಿಷ ಮತ್ತೆ ನಿಧಾನ. ಇದನ್ನು ಬಿಡಬೇಡಿ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಬಿಪಿ ಬೀಳುತ್ತದೆ. ಪೆಟ್ಟಾದವರಲ್ಲಿ ಈ ಕುಸಿತ ಜಾಸ್ತಿ, ಬೀಳುವುದೂ ಆಗಲೇ.

ಬರೆದಿಟ್ಟ ಪುಟ ಹೀಗಿದ್ದರೆ ಸಾಕು:

ಮಂಗಳವಾರ, ಬೆಳಗ್ಗೆ 9. ಸೈಕಲ್. ಕೂತಾಗ ನಾಡಿ 78. ತಲೆನೋವು 2, ತಲೆಸುತ್ತು 1, ಸುಸ್ತು 3. ಹತ್ತನೇ ನಿಮಿಷ: ನಾಡಿ 114, ತಲೆನೋವು 3. ಹದಿನೈದು: ನಾಡಿ 115, ತಲೆನೋವು 4. ಹದಿನೆಂಟಕ್ಕೆ ನಿಧಾನ ಮಾಡಿದೆವು. 10 ಗಂಟೆಗೆ ತಲೆನೋವು 2. ರಾತ್ರಿ ನಿದ್ದೆ ಚೆನ್ನಾಗಿತ್ತು. ಬುಧವಾರ ಬೆಳಗ್ಗೆ ತಲೆನೋವು 2.

ಕೊನೆಯ ಮೂರು ಸಾಲು ಎಲ್ಲಕ್ಕಿಂತ ಮುಖ್ಯ. ವ್ಯಾಯಾಮ ಹೆಚ್ಚಾಯಿತಾ ಇಲ್ಲವಾ ಎಂದು ಹೇಳುವುದು ಮುಂದಿನ ಒಂದು ಗಂಟೆ ಮತ್ತು ಮರುದಿನದ ಬೆಳಗ್ಗೆ. ಜನ ಇದನ್ನೇ ಬರೆಯುವುದಿಲ್ಲ.

ನಿಯಮ ಇಷ್ಟು: ಯಾವುದೇ ಲಕ್ಷಣ ಶುರುವಿಗಿಂತ 2 ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಭಯಪಡಬೇಡಿ, ಅದರಿಂದ ಮೆದುಳಿಗೆ ಹಾನಿಯಾಗಿಲ್ಲ. 2 ದಾಟಿದರೆ ಅಲ್ಲೇ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನಿಸಿ. ಗಂಟೆ ಕಳೆದರೂ ಇಳಿಯದಿದ್ದರೆ ಮುಂದಿನ ಸಲ ಸಮಯ ಅಥವಾ ವೇಗ ಕಡಿಮೆ ಮಾಡಿ.

ಹಂತ 6: ಹೆಚ್ಚಿಸುವುದು

ಮೊದಲು ನಿಮಿಷ, ಆಮೇಲೆ ವೇಗ. ಎರಡನ್ನೂ ಒಂದೇ ವಾರ ಹೆಚ್ಚಿಸಿದರೆ ತಲೆನೋವು ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ. 20 ನಿಮಿಷ ಸಲೀಸಾದ ಮೇಲೆ, ಒಂದೆರಡು ವಾರಕ್ಕೊಮ್ಮೆ ಎದೆಬಡಿತದ ಮಿತಿಯನ್ನು 5ರಿಂದ 10 ಹೆಚ್ಚಿಸಿ.

ತೀವ್ರ ಪೆಟ್ಟಾದವರು 20 ನಿಮಿಷದಿಂದ ಶುರು ಮಾಡಲು ಆಗುವುದಿಲ್ಲ. ಐದು ನಿಮಿಷ, ವಿಶ್ರಾಂತಿ, ಮತ್ತೆ ಐದು ನಿಮಿಷ. ಅದನ್ನು ದಿನಕ್ಕೆ ಎರಡು ಸಲ ಮಾಡಿದರೆ ಒಳ್ಳೆಯ ಶುರುವೇ. ಕೊನೆಯ ಗುರಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ಹೇಳಿದ ಅಳತೆ: ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ. ಅಲ್ಲಿಗೆ ತಲುಪಲು ತಿಂಗಳುಗಳು ಹಿಡಿಯಬಹುದು. ಅದಕ್ಕಿಂತ ಕಡಿಮೆ ಮಾಡಿದರೂ ಲಾಭ ಇದೆ.

ಎಲ್ಲರನ್ನೂ ಬೀಳಿಸುವುದು ಒಳ್ಳೆಯ ದಿನ. ಬೆಳಗ್ಗೆ ಎದ್ದಾಗ ತಲೆ ಹಗುರ, ಮೈಯಲ್ಲಿ ಹುರುಪು. ಬಾಕಿ ಇದ್ದ ಕೆಲಸವೆಲ್ಲ ಮಾಡಿ, ವ್ಯಾಯಾಮವನ್ನೂ ದುಪ್ಪಟ್ಟು ಮಾಡಿ, ಮುಂದಿನ ಮೂರು ದಿನ ಮಲಗಿಬಿಡುತ್ತಾರೆ. ಒಳ್ಳೆಯ ದಿನವೂ ಬರೆದಿಟ್ಟಷ್ಟೇ ಮಾಡಿ. ಆಸ್ಪತ್ರೆ ಭೇಟಿ, ಕಚೇರಿ ಕೆಲಸ, ನೆಂಟರ ಮಾತು ಕೂಡ ಅದೇ ಶಕ್ತಿಯನ್ನೇ ತಿನ್ನುತ್ತವೆ. ಅಂಥ ದಿನ ವ್ಯಾಯಾಮ ಅರ್ಧ ಮಾಡಿದರೆ ತಪ್ಪೇನೂ ಇಲ್ಲ.

ಮನೆಯವರಿಗೆ

ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ತಾನಾಗಿ ಕೆಲಸ ಶುರು ಮಾಡುವ ಶಕ್ತಿಯೇ ಹೋಗಬಹುದು. ಹೊರಗಿನಿಂದ ನೋಡಿದವರಿಗೆ ಸೋಮಾರಿತನದ ಹಾಗೆ ಕಾಣುತ್ತದೆ. ಸೋಮಾರಿತನ ಅಲ್ಲ. "ಅಪ್ಪಾ, ವಾಕಿಂಗ್ ಹೋಗ್ತೀರಾ?" ಎಂದು ಕೇಳಿದರೆ "ಬೇಡ" ಎಂದೇ ಬರುತ್ತದೆ. "ಅಪ್ಪಾ, ಒಂಬತ್ತು ಗಂಟೆ ಆಯ್ತು, ಬನ್ನಿ ಶೂ ಹಾಕ್ಕೊಳ್ಳೋಣ" ಎಂದು ಶೂ ಮುಂದೆ ಇಡಿ. ಹೆಚ್ಚಿನ ಸಲ ಎದ್ದು ಬರುತ್ತಾರೆ. ವ್ಯಾಯಾಮದಿಂದ ಏನು ಲಾಭ ಎಂದು ಉದ್ದಕ್ಕೆ ವಿವರಿಸಬೇಡಿ. ಒಂದೇ ಹೊತ್ತು, ಒಂದೇ ಜಾಗ, ಒಂದೇ ಕ್ರಮ ಇರಲಿ. ಮರೆವು ಇದ್ದರೂ ಅಭ್ಯಾಸ ಕೂಡುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಇರುವವರೂ ಇದ್ದಾರೆ. ತಮಗೆ ಏನೂ ಆಗಿಲ್ಲ ಎಂದು ನಂಬಿ ಓಡಲು ಹೊರಡುತ್ತಾರೆ. ಅದು ಹಟವಲ್ಲ, ತನ್ನ ಕೊರತೆ ತನಗೇ ಗೊತ್ತಾಗದಿರುವುದೂ ಪೆಟ್ಟಿನ ಒಂದು ಲಕ್ಷಣ. ಅವರ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಗಡಿಯಾರದ ಅಂಕಿ, ವೈದ್ಯರು ಬರೆದ ಚೀಟಿ ತೋರಿಸಿ. ಅಂಕ ಕೇಳಿದಾಗ ಎಲ್ಲಕ್ಕೂ ಸೊನ್ನೆ ಹೇಳುವವರಿದ್ದರೆ ಮುಖ ನೋಡಿ: ಬಣ್ಣ ಇಳಿಯುವುದು, ಹಣೆ ಗಂಟಿಕ್ಕುವುದು, ಮಾತು ತಡವರಿಸುವುದು, ಹೆಜ್ಜೆ ಅಗಲವಾಗುವುದು. ಇವು ಕಂಡರೆ ಅಂಕ ಏನೇ ಹೇಳಲಿ, ನಿಲ್ಲಿಸಿ.

ವ್ಯಾಯಾಮ ಒಗ್ಗದಿದ್ದಾಗ

ನಾಲ್ಕಾರು ವಾರ ಸರಿಯಾಗಿ ಮಾಡಿದರೂ ಗೆರೆ ಮೇಲೆ ಸರಿಯದಿದ್ದರೆ ಕಾರಣ ಬೇರೆ ಇರಬಹುದು. ಮಲಗಿ ಮಗ್ಗುಲು ತಿರುಗಿದಾಗ ಕೆಲವು ಸೆಕೆಂಡ್ ಲೋಕವೇ ತಿರುಗಿದಂತಾದರೆ ಅದು ಒಳಕಿವಿಯ ಹರಳು ಜಾಗ ತಪ್ಪಿದ್ದರಿಂದ ಇರಬಹುದು. ತಲೆಗೆ ಪೆಟ್ಟಾದವರಲ್ಲಿ ಇದು ಸಾಮಾನ್ಯ. ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸರಿಸುತ್ತಾರೆ, ಎಷ್ಟೋ ಜನರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತದೆ. ಕುತ್ತಿಗೆಯಿಂದ ಬರುವ ತಲೆನೋವಿಗೆ ಕುತ್ತಿಗೆಯ ಚಿಕಿತ್ಸೆ ಬೇಕು. ಎರಡೆರಡು ಕಾಣುವುದಕ್ಕೆ ಕಣ್ಣಿನ ಪರೀಕ್ಷೆ ಬೇಕು.

ತಿಂಗಳುಗಟ್ಟಲೆ ಸುಸ್ತು ಇಳಿಯದಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್‌ಗಳನ್ನು ಪರೀಕ್ಷೆ ಮಾಡಿಸಬೇಕಾ ಎಂದು ವೈದ್ಯರನ್ನು ಕೇಳಿ. ಪೆಟ್ಟಿನಿಂದ ಈ ಗ್ರಂಥಿಗೂ ಏಟು ಬೀಳಬಹುದು. ರಕ್ತ ಪರೀಕ್ಷೆಯಿಂದ ಶುರುವಾಗುವ ಕೆಲಸ, ಆದರೆ ಕೇಳದಿದ್ದರೆ ಹಾಗೇ ಉಳಿದುಬಿಡುತ್ತದೆ. ಗೊರಕೆ ಹೊಡೆದು ಉಸಿರುಗಟ್ಟಿ ಎಚ್ಚರವಾಗುವುದು, ಬದುಕಿನಲ್ಲಿ ಆಸಕ್ತಿಯೇ ಇಲ್ಲದಿರುವುದು, ಇವನ್ನೂ ಮುಚ್ಚಿಡದೆ ಹೇಳಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದಾಗ

ತಲೆನೋವು ಏರುತ್ತಲೇ ಹೋಗುವುದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಜೋಂಪು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಾಣುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರುವುದು, ಎದೆನೋವು, ಪ್ರಜ್ಞೆ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮದ ವೇಳೆ ಬಿದ್ದು ತಲೆ ತಾಗಿದರೆ, ನೋವು ಇಲ್ಲದಿದ್ದರೂ ಹೋಗಿ ತೋರಿಸಿ.

ಓಟ, ಆಟ, ಮತ್ತು ನಡುವೆ ನಿಂತುಹೋದಾಗ

ಚುರುಕು ನಡಿಗೆ ಅಥವಾ ಸೈಕಲ್‌ನಲ್ಲಿ ಲಕ್ಷಣ ಏರದೆ ಅರ್ಧ ಗಂಟೆ ಕಳೆದರೆ ಹಗುರ ಓಟ ಪ್ರಯತ್ನಿಸಬಹುದು. ಓಟದಲ್ಲಿ ತಲೆ ಕುಲುಕುತ್ತದೆ, ಆದ್ದರಿಂದ ಮೊದಲ ಕೆಲವು ಸಲ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೈಗೆ ಮೈ ತಾಗುವ ಆಟಗಳಿಗೆ ವೈದ್ಯರು ಬಾಯಿಬಿಟ್ಟು ಒಪ್ಪಿಗೆ ಕೊಡುವವರೆಗೂ ಹೋಗಬೇಡಿ. ಚೆನ್ನಾಗಿದ್ದೇನೆ ಅನ್ನಿಸುವುದು ಒಪ್ಪಿಗೆಯಲ್ಲ.

ಜ್ವರವೋ, ಪ್ರಯಾಣವೋ, ಮನೆಯ ತಾಪತ್ರಯವೋ ಬಂದು ಒಂದೆರಡು ವಾರ ತಪ್ಪಿಯೇ ತಪ್ಪುತ್ತದೆ. ಬಿಟ್ಟಲ್ಲಿಂದಲೇ ಶುರು ಮಾಡಬೇಡಿ. ನಿಮಿಷಗಳನ್ನು ಅರ್ಧ ಮಾಡಿ, ಎದೆಬಡಿತದ ಮಿತಿಯನ್ನು 10 ಇಳಿಸಿ. ಎರಡು ಮೂರು ದಿನ ಬೆಳಗ್ಗೆಯ ಅಂಕ ಏರದಿದ್ದರೆ ಹಂತ ಹಂತವಾಗಿ ಹಳೆಯ ಅಳತೆಗೆ ಬನ್ನಿ. ಪುಸ್ತಕದಲ್ಲಿ ತಪ್ಪಿದ ದಿನಗಳನ್ನೂ, ತಪ್ಪಿದ ಕಾರಣವನ್ನೂ ಬರೆದಿಡಿ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಆ ಪುಟವನ್ನೇ ತೋರಿಸಿ.